ಬಿಳಿ ಚುಕ್ಕೆ ರೋಗ: ಬಿಸಿಯೋ, ಉಪ್ಪೋ, ಔಷಧಿಯೋ? ನಿಮ್ಮ ಟ್ಯಾಂಕಿಗೆ ಯಾವುದು

ನಿನ್ನೆ ಚೆನ್ನಾಗಿದ್ದ ಮೀನಿನ ಬಾಲದ ಮೇಲೆ ಇವತ್ತು ಉಪ್ಪಿನ ಹರಳಿನಂಥ ನಾಲ್ಕು ಬಿಳಿ ಚುಕ್ಕೆ. ಇನ್ನೊಂದು ಮೀನು ಜಲ್ಲಿಗೆ ಮೈ ಉಜ್ಜಿ ಸರ್ರನೆ ಓಡುತ್ತಿದೆ. ಇದನ್ನು ಕಂಡ ಕೂಡಲೇ ಕೈ ಔಷಧಿಯ ಬಾಟಲಿಯ ಕಡೆಗೆ ಹೋಗುತ್ತದೆ. ಹತ್ತು ನಿಮಿಷ ತಡೆಯಿರಿ. ಈ ರೋಗದಲ್ಲಿ ಹತ್ತು ನಿಮಿಷಕ್ಕೆ ಏನೂ ಕೆಡುವುದಿಲ್ಲ. ಟ್ಯಾಂಕಿಗೆ ಹೊಂದದ ಔಷಧಿ ಬಿದ್ದರೆ ಮಾತ್ರ ರೋಗಕ್ಕಿಂತ ಮೊದಲು ಅದೇ ಮೀನನ್ನು ಕೊಲ್ಲಬಹುದು.

ಯಾವ ಔಷಧಿ ಎಲ್ಲಕ್ಕಿಂತ ಜೋರು ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಬಿಸಿ, ಉಪ್ಪು, ಮಾಲಾಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ಔಷಧಿ, ಈ ಮೂರೂ ಸರಿಯಾಗಿ ಮಾಡಿದರೆ ಕೆಲಸ ಮಾಡುತ್ತವೆ. ನಿಮ್ಮ ಟ್ಯಾಂಕಿನಲ್ಲಿ ಯಾರೆಲ್ಲ ಇದ್ದಾರೆ, ಅವರು ಯಾವುದನ್ನು ತಾಳಿಕೊಳ್ಳುತ್ತಾರೆ, ಆ ಕ್ರಮವನ್ನು ಎರಡು ವಾರ ಬಿಡದೆ ನಡೆಸಲು ನಿಮಗೆ ಸಾಧ್ಯವೇ ಎನ್ನುವುದೇ ಆಯ್ಕೆಯನ್ನು ನಿರ್ಧರಿಸುತ್ತದೆ.

ಮೊದಲು ಶತ್ರುವಿನ ದಿನಚರಿ

ರೋಗ ತರುವುದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರವೂ ಅಲ್ಲ. ಮೈತುಂಬ ಸೂಕ್ಷ್ಮ ರೋಮಗಳಿರುವ ಏಕಕೋಶ ಜೀವಿ ಅದು: ಇಕ್ತಿಯೋಫ್ಥಿರಿಯಸ್ ಮಲ್ಟಿಫಿಲಿಸ್. ಮೀನು ಸಾಕುವವರ ಬಾಯಲ್ಲಿ ಬರೀ 'ಇಕ್'. 1876ರಲ್ಲಿ ಫೂಕೆ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು. ಮೀನಿನ ಹೇನು, ಅದೂ ಬಹುಸಂತಾನದ್ದು ಎಂದು ಅರ್ಥ. ಹೆಸರಿನ ಎರಡನೇ ಭಾಗವನ್ನು ನೆನಪಿಡಿ, ಚಿಕಿತ್ಸೆಯ ಕಷ್ಟವೆಲ್ಲ ಅಲ್ಲೇ ಇದೆ.

ಕಣ್ಣಿಗೆ ಕಾಣುವ ಬಿಳಿ ಚುಕ್ಕೆ ಎಂದರೆ ಮೀನಿನ ಹೊರಚರ್ಮದ ಅಡಿಯಲ್ಲಿ ಕೂತು ಅದರ ಜೀವಕೋಶಗಳನ್ನು ತಿಂದು ಬೆಳೆಯುತ್ತಿರುವ ಪರಾವಲಂಬಿ. ಮೀನಿನದೇ ಚರ್ಮ ಅದರ ಮೇಲೆ ಹೊದಿಕೆಯಂತೆ ಇರುತ್ತದೆ. ಹಾಗಾಗಿ ನೀರಿಗೆ ಹಾಕಿದ ಸಾಮಾನ್ಯ ಔಷಧಿಗಳು ಅದನ್ನು ಮುಟ್ಟುವುದಿಲ್ಲ. ಕೆಲವು ದಿನಗಳಲ್ಲಿ ಬೆಳೆದು ದಪ್ಪವಾದ ಜೀವಿ ಮೀನನ್ನು ಬಿಟ್ಟು ಕೆಳಗಿಳಿದು ಜಲ್ಲಿ, ಗಿಡದ ಎಲೆ, ಫಿಲ್ಟರಿನ ಪೈಪು, ಎಲ್ಲಿ ಸಿಕ್ಕರೆ ಅಲ್ಲಿ ಅಂಟಿಕೊಂಡು ತನ್ನ ಸುತ್ತ ಜೆಲ್ಲಿಯಂಥ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನೊಳಗೆ ಅದು ಒಡೆದೊಡೆದು ನೂರಾರು ಮರಿಗಳಾಗುತ್ತದೆ. ಒಂದೇ ಗೂಡಿನಿಂದ ಸಾವಿರದಷ್ಟು ಹೊರಬರುವುದೂ ಉಂಟು. ಗೂಡಿಗೂ ಔಷಧಿ ಅಷ್ಟಾಗಿ ನಾಟುವುದಿಲ್ಲ. ಗೂಡು ಒಡೆದು ಹೊರಬಂದ ಮರಿಗಳು ನೀರಿನಲ್ಲಿ ಈಜುತ್ತ ಮೀನನ್ನು ಹುಡುಕುತ್ತವೆ. ಎರಡು ದಿನದೊಳಗೆ ಮೀನು ಸಿಗದಿದ್ದರೆ ಬಹುಪಾಲು ಸಾಯುತ್ತವೆ. ಉಪ್ಪಾಗಲಿ ಬಣ್ಣದ ಔಷಧಿಯಾಗಲಿ ಕೊಲ್ಲುವುದು ಈ ಈಜುವ ಹಂತವನ್ನು ಮಾತ್ರ.

ಅಂದರೆ ನಾವು ಚಿಕಿತ್ಸೆ ಕೊಡುವುದು ಮೀನಿಗಲ್ಲ, ನೀರಿಗೆ. ಚುಕ್ಕೆ ಇರುವ ಒಂದೇ ಮೀನನ್ನು ಬೇರೆ ಪಾತ್ರೆಗೆ ಹಾಕಿ ಔಷಧಿ ಕೊಟ್ಟರೆ ಉಳಿದ ಟ್ಯಾಂಕಿನ ಜಲ್ಲಿಯಲ್ಲಿ ಗೂಡುಗಳು ಹಾಗೇ ಇರುತ್ತವೆ. ಇಡೀ ಟ್ಯಾಂಕಿಗೆ ಚಿಕಿತ್ಸೆ ಮಾಡಬೇಕು, ಇಲ್ಲವೇ ಎಲ್ಲ ಮೀನುಗಳನ್ನೂ ಹೊರಗೆ ತೆಗೆಯಬೇಕು.

ಈ ಚಕ್ರದ ವೇಗವನ್ನು ನೀರಿನ ಉಷ್ಣತೆ ನಡೆಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಸುತ್ತು ಮೂರರಿಂದ ಆರು ದಿನ. 15 ಡಿಗ್ರಿಯಲ್ಲಿ ಸುಮಾರು ಹತ್ತು ದಿನ. 7 ಡಿಗ್ರಿಯಷ್ಟು ತಣ್ಣಗಿದ್ದರೆ ಐದು ವಾರ ದಾಟುತ್ತದೆ. ತಣ್ಣೀರಿನಲ್ಲಿ ಒಂದೇ ವಾರ ಔಷಧಿ ಹಾಕಿ ನಿಲ್ಲಿಸಿದವರಿಗೆ ರೋಗ ಮತ್ತೆ ಬಂದಿತು ಅನ್ನಿಸುತ್ತದೆ. ಅದು ಹೋಗಿಯೇ ಇರಲಿಲ್ಲ.

ನಾನೂ ಒಮ್ಮೆ ಹೀಗೇ ಮಾಡಿದ್ದೆ. ಕ್ಲೌನ್ ಲೋಚ್‌ಗಳ ಮೈಮೇಲಿನ ಚುಕ್ಕೆಗಳೆಲ್ಲ ನಾಲ್ಕನೇ ದಿನ ಮಾಯವಾದವು, ಸಮಾಧಾನದಿಂದ ಚಿಕಿತ್ಸೆ ನಿಲ್ಲಿಸಿದೆ. ಚುಕ್ಕೆ ಮಾಯವಾಗಿದ್ದು ವಾಸಿಯಾಗಿ ಅಲ್ಲ, ಮರಿ ಹಾಕಲು ಕೆಳಗಿಳಿದು. ಮೂರು ದಿನ ಕಳೆದ ಮೇಲೆ ಮೊದಲಿಗಿಂತ ಹತ್ತುಪಟ್ಟು ಚುಕ್ಕೆ, ಕಿವಿರುಗಳ ತುಂಬ. ಎರಡು ಮೀನು ಹೋದವು. ಅಂದಿನಿಂದ ಚುಕ್ಕೆ ಮಾಯವಾದ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎಣಿಕೆಯನ್ನು ಅಲ್ಲಿಂದ ಶುರು ಮಾಡುತ್ತೇನೆ.

ಇದು ಇಕ್ ಹೌದೇ?

ಇಕ್ ಚುಕ್ಕೆಗಳು ಬಿಡಿಬಿಡಿಯಾಗಿ, ದುಂಡಗೆ, ಹೆಚ್ಚೆಂದರೆ ಒಂದು ಮಿಲಿಮೀಟರ್ ಗಾತ್ರದಲ್ಲಿ ಇರುತ್ತವೆ. ಚಿನ್ನದ ಧೂಳು ಉದುರಿಸಿದಂತೆ ತೀರ ಸಣ್ಣಗೆ ಕಂಡರೆ ಅದು ವೆಲ್ವೆಟ್ ರೋಗ. ಒಂದೊಂದು ಒಂದೊಂದು ಗಾತ್ರದಲ್ಲಿ, ಉಬ್ಬಿಕೊಂಡು, ಅಂಚಿನಲ್ಲಿ ಹತ್ತಿಯ ಎಳೆಯಂತೆ ಕಂಡರೆ, ಅದರಲ್ಲೂ ಕಣ್ಣಿನ ಮೇಲೂ ಇದ್ದರೆ, ಎಪಿಸ್ಟೈಲಿಸ್ ಎಂಬ ಇನ್ನೊಂದು ಏಕಕೋಶ ಜೀವಿ ಎಂದು ಶಂಕಿಸಬೇಕು. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಎಪಿಸ್ಟೈಲಿಸ್ ಇರುವಾಗ ನೀರು ಬಿಸಿ ಮಾಡಿದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಗಂಡು ಗೋಲ್ಡ್ ಫಿಶ್‌ನ ಕಿವಿರು ಮುಚ್ಚಳ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಕಾಳು ಎದ್ದಿದ್ದರೆ ಅದು ರೋಗವೇ ಅಲ್ಲ, ಸಂತಾನಕಾಲದ ಲಕ್ಷಣ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಆರೋಗ್ಯವಂತ ಮೀನಿಗೆ ವಿಷ ಕುಡಿಸಿದವರು ಬಹಳ ಮಂದಿ.

ಚುಕ್ಕೆ ಕಾಣದೆಯೂ ಇಕ್ ಇರಬಹುದು. ಕೆಲವೊಮ್ಮೆ ಅದು ಕಿವಿರಿನಲ್ಲಷ್ಟೇ ಇರುತ್ತದೆ. ಮೀನು ಏದುಸಿರು ಬಿಡುತ್ತ ನೀರಿನ ಮೇಲ್ಮೈಗೆ ಬರುವುದು, ಫಿಲ್ಟರಿನ ನೀರು ಬೀಳುವ ಜಾಗದಲ್ಲೇ ನಿಲ್ಲುವುದು ಅದರ ಸೂಚನೆ.

ಬಿಸಿ

30 ಡಿಗ್ರಿಯಲ್ಲಿ ಬಹುತೇಕ ಇಕ್ ತಳಿಗಳು ಸಂತಾನ ಬೆಳೆಸಲಾರವು. ಅಷ್ಟು ಉಷ್ಣತೆಯನ್ನು ಹತ್ತರಿಂದ ಹದಿನಾಲ್ಕು ದಿನ ಹಿಡಿದಿಟ್ಟರೆ ಮೀನಿನ ಮೇಲಿದ್ದದ್ದು ಕೆಳಗೆ ಬೀಳುತ್ತದೆ, ಹೊಸದು ಹತ್ತುವುದಿಲ್ಲ. ನೀರಿಗೆ ಏನನ್ನೂ ಸೇರಿಸಬೇಕಿಲ್ಲ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಗಿಡಗಳಿಗೂ ಕಲೆ ಹಿಡಿಯುವುದಿಲ್ಲ. ಟ್ಯಾಂಕಿನಲ್ಲಿ ಬಿಸಿನೀರಿನ ಮೀನುಗಳೇ ಇದ್ದರೆ ನನ್ನ ಮೊದಲ ಆಯ್ಕೆ ಇದೇ.

ಎಚ್ಚರ ಬೇಕಾದದ್ದು ಆಮ್ಲಜನಕದ ವಿಷಯದಲ್ಲಿ. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯದು 7.5ರಷ್ಟನ್ನು ಮಾತ್ರ ಹಿಡಿಯುತ್ತದೆ. ಅಂಕಿಯಲ್ಲಿ ಇಳಿಕೆ ಸಣ್ಣದು. ಆದರೆ ಬಿಸಿನೀರಿನಲ್ಲಿ ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ, ಅದರ ಕಿವಿರು ಆಗಲೇ ರೋಗದಿಂದ ಹಾಳಾಗಿರುತ್ತದೆ. ಆದ್ದರಿಂದ ಹೀಟರಿನ ಗುಂಡಿ ತಿರುಗಿಸುವ ಮೊದಲು ನೀರಿಗೆ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ. ಉಷ್ಣತೆಯನ್ನು ಒಂದೆರಡು ದಿನದ ಅವಧಿಯಲ್ಲಿ ಮೆಲ್ಲಗೆ ಏರಿಸಿ. ಹೀಟರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ, ಬೇರೆ ಥರ್ಮಾಮೀಟರ್ ಇಟ್ಟು ಟ್ಯಾಂಕಿನ ಎರಡೂ ತುದಿಯಲ್ಲಿ ನೋಡಿ. 28ರಲ್ಲೇ ನಿಂತುಬಿಟ್ಟರೆ ನೀವು ಪರಾವಲಂಬಿಯನ್ನು ತಡೆದಿಲ್ಲ, ಅದರ ವೇಗ ಹೆಚ್ಚಿಸಿದ್ದೀರಿ ಅಷ್ಟೆ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಬಿಡಿಸಿ ಹೇಳಬೇಕು, ಹಲವರು ಗೊಂದಲಕ್ಕೆ ಬೀಳುವುದು ಇಲ್ಲೇ. ಬಿಸಿಗೆ ಎರಡು ಉಪಯೋಗ. 26ರಿಂದ 28 ಡಿಗ್ರಿಯ ಬಿಸಿ ಚಕ್ರವನ್ನು ಚುರುಕುಗೊಳಿಸಿ, ಅಡಗಿ ಕೂತದ್ದನ್ನು ಬೇಗ ಹೊರತರುತ್ತದೆ. ಹೊರಬಂದದ್ದನ್ನು ಕೊಲ್ಲಲು ಉಪ್ಪೋ ಔಷಧಿಯೋ ನೀರಿನಲ್ಲಿರಲೇಬೇಕು. 30 ಡಿಗ್ರಿಯ ಬಿಸಿ ತಾನೇ ಚಿಕಿತ್ಸೆ. ನೀವು ಯಾವುದನ್ನು ಮಾಡುತ್ತಿದ್ದೀರಿ ಎಂಬುದು ಮೊದಲ ದಿನವೇ ನಿಮಗೆ ಸ್ಪಷ್ಟವಿರಲಿ.

30 ಡಿಗ್ರಿಯನ್ನೂ ತಾಳಿಕೊಳ್ಳುವ ಇಕ್ ತಳಿಗಳು ಇವೆ. ಉಷ್ಣತೆ ಸರಿಯಾಗಿ ನಿಂತು ಐದಾರು ದಿನವಾದ ಮೇಲೂ ಹೊಸ ಚುಕ್ಕೆ ಏಳುತ್ತಿದ್ದರೆ ಬಿಸಿಯೊಂದನ್ನೇ ನಂಬಿ ಕೂರಬೇಡಿ. ಹಾಗೆಯೇ ರೆಕ್ಕೆ ಕೊಳೆಯುತ್ತಿದ್ದರೆ, ಬಾಯಿಯ ಸುತ್ತ ಬೂದು ಪೊರೆ ಕಂಡರೆ ಬಿಸಿ ಬೇಡ. ಅದು ಕಾಲಮ್ನಾರಿಸ್ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಬಿಸಿ ಬಲು ಇಷ್ಟ.

ಉಪ್ಪು

ಹಲವರು ಕಡಿಮೆ ಅಂದಾಜು ಮಾಡುವ, ಆದರೆ ನನಗೆ ತುಂಬ ಗೌರವವಿರುವ ವಿಧಾನ. ಲೀಟರಿಗೆ 2ರಿಂದ 3 ಗ್ರಾಂ ಉಪ್ಪು ಈಜುವ ಮರಿಗಳನ್ನು ಉಳಿಯಗೊಡುವುದಿಲ್ಲ. ಜೊತೆಗೆ ಹಾನಿಯಾದ ಚರ್ಮದಿಂದ ಮೀನಿನ ದೇಹದ ಲವಣ ಸೋರಿಹೋಗುವುದನ್ನೂ ತಗ್ಗಿಸುತ್ತದೆ. ರೋಗಿಗೂ ಆಸರೆ ಕೊಡುವ ಗುಣ ಬಣ್ಣದ ಔಷಧಿಗಳಿಗೆ ಇಲ್ಲ.

ಮೊದಲು ನೀರನ್ನು ಅಳೆಯಿರಿ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ಟ್ಯಾಂಕ್ ಲೆಕ್ಕಕ್ಕೆ 65 ಲೀಟರ್. ಆದರೆ ಮೇಲೆ ಬಿಟ್ಟ ಖಾಲಿ ಜಾಗ, ಕೆಳಗಿನ ಜಲ್ಲಿ ಕಳೆದರೆ ನಿಜವಾಗಿ ಇರುವ ನೀರು 50 ಲೀಟರ್ ಆಸುಪಾಸು. ಲೀಟರಿಗೆ 2 ಗ್ರಾಂ ಎಂದರೆ 100 ಗ್ರಾಂ. ಅದನ್ನು ಮೂರು ಪಾಲು ಮಾಡಿ, ಪ್ರತಿ ಪಾಲನ್ನೂ ಟ್ಯಾಂಕಿನದೇ ನೀರಿನಲ್ಲಿ ಪೂರ್ತಿ ಕರಗಿಸಿ, ಹನ್ನೆರಡು ಗಂಟೆಗೊಮ್ಮೆ ನಿಧಾನಕ್ಕೆ ಸುರಿಯಿರಿ. ಹರಳನ್ನು ಹಾಗೇ ಎಸೆದರೆ ತಳದಲ್ಲಿ ಮಲಗುವ ಮೀನಿನ ಮೈ ಸುಡುತ್ತದೆ. ಉಪ್ಪಿನಲ್ಲಿ ಅಯೋಡಿನ್ ಇದ್ದರೆ ಮೀನು ಸಾಯುತ್ತದೆ ಎಂಬ ಭಯ ಬೇಡ, ಈ ಪ್ರಮಾಣದಲ್ಲಿ ಅದು ಏನೂ ಮಾಡದು. ಬೇರೇನೂ ಬೆರೆಸದ ಶುದ್ಧ ಉಪ್ಪು ಸಿಕ್ಕರೆ ಒಳ್ಳೆಯದು, ಅಷ್ಟೇ.

ನೀರು ಆರಿದರೂ ಉಪ್ಪು ಆರುವುದಿಲ್ಲ. ಆವಿಯಾದ ನೀರನ್ನು ತುಂಬುವಾಗ ಸಾದಾ ನೀರು ಹಾಕಿ. ನೀರು ಬದಲಿಸಿದಾಗ ಮಾತ್ರ ಹೊರಹೋದ ಉಪ್ಪನ್ನು ಲೆಕ್ಕ ಹಾಕಿ ಸೇರಿಸಿ: 10 ಲೀಟರ್ ತೆಗೆದರೆ 20 ಗ್ರಾಂ. ಫಿಲ್ಟರಿನಲ್ಲಿ ಜಿಯೋಲೈಟ್ ಇದ್ದರೆ ಮೊದಲೇ ತೆಗೆದುಬಿಡಿ, ಅದು ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ಹೀರುವ ಖನಿಜ. ಉಪ್ಪು ಸೋಕಿದರೆ ಅದು ಹೀರಿಟ್ಟುಕೊಂಡ ಅಮೋನಿಯಾವನ್ನೆಲ್ಲ ನೀರಿಗೇ ಬಿಡುತ್ತದೆ.

ಉಪ್ಪಿನ ದೌರ್ಬಲ್ಯ ಗಿಡಗಳು. ಜಾವಾ ಫರ್ನ್, ಅನುಬಿಯಾಸ್ ಸುಮಾರಾಗಿ ತಾಳುತ್ತವೆ, ಮೆತ್ತನೆಯ ಕಾಂಡದ ಗಿಡಗಳು ಕರಗಿಹೋಗುತ್ತವೆ. ಕೋರಿಡೋರಾಸ್, ಲೋಚ್‌ಗಳಂಥ ತಳದ ಮೀನುಗಳಿಗೆ ಲೀಟರಿಗೆ 1 ಗ್ರಾಂನಿಂದ ಶುರುಮಾಡಿ, ಅವುಗಳ ನಡವಳಿಕೆ ನೋಡಿಕೊಂಡು ಮೆಲ್ಲಗೆ ಏರಿಸಬೇಕು.

ಮಾಲಾಕೈಟ್ ಗ್ರೀನ್ ಮತ್ತು ಫಾರ್ಮಾಲಿನ್

ಇಕ್ ಔಷಧಿ ಎಂದು ಮಾರುವ ಅನೇಕ ಬಾಟಲಿಗಳಲ್ಲಿ ಇರುವುದು ಮಾಲಾಕೈಟ್ ಗ್ರೀನ್, ಅಥವಾ ಅದರ ಜೊತೆಗೆ ಫಾರ್ಮಾಲಿನ್, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಎರಡೂ ಸೇರಿದಾಗ ಪರಿಣಾಮ ಒಂಟಿಯಾಗಿ ಬಳಸಿದ್ದಕ್ಕಿಂತ ಜೋರು. ಮೀನಿನ ಮೈತುಂಬ ಚುಕ್ಕೆ ಎದ್ದು, ಬಿಸಿಯನ್ನು ಮೆಲ್ಲಗೆ ಏರಿಸುತ್ತ ಕೂರಲು ಸಮಯವಿಲ್ಲದಿದ್ದರೆ ಇದೇ ಸರಿ.

ಆದರೆ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಫಾರ್ಮಾಲಿನ್ ಲೀಟರಿಗೆ 5 ಮಿಲಿಗ್ರಾಂನಷ್ಟು ಹಾಕಿದರೆ ನೀರಿನ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಂ ಇಳಿಯುತ್ತದೆ. ರೂಢಿಯ ಪ್ರಮಾಣ 25 ಮಿಲಿಗ್ರಾಂ. ಗಾಳಿ ಆಡಿಸದಿದ್ದರೆ ಒಂದೂವರೆ ದಿನದೊಳಗೆ ಇರುವ ಆಮ್ಲಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತೆಂದೇ ಲೆಕ್ಕ. ಫಾರ್ಮಾಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಅದನ್ನು ಬಳಸಲೇಬೇಡಿ, ಆ ಗಸಿ ಮೀನಿಗೆ ಘೋರ ವಿಷ. ಬಿಡಿ ಫಾರ್ಮಾಲಿನ್ ತಂದು ಮನೆಯಲ್ಲಿ ಅಳೆದು ಹಾಕುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಅದರ ಆವಿ ಮನುಷ್ಯರಿಗೂ ಕ್ಯಾನ್ಸರ್‌ಕಾರಕ.

ಮಾಲಾಕೈಟ್ ಗ್ರೀನ್‌ನ ವಿಷತ್ವ ಉಷ್ಣತೆಯೊಂದಿಗೆ ಏರುತ್ತದೆ. ಬಿಸಿಯೂ ಇರಲಿ, ಔಷಧಿಯೂ ಇರಲಿ ಎಂದು 30 ಡಿಗ್ರಿಯಲ್ಲಿ ಪೂರ್ತಿ ಪ್ರಮಾಣ ಹಾಕುವುದು ಅಪಾಯ. ಟೆಟ್ರಾಗಳಿಗೆ, ಲೋಚ್ ಮತ್ತು ಕ್ಯಾಟ್‌ಫಿಶ್‌ಗಳಿಗೆ ಅರ್ಧ ಪ್ರಮಾಣವೇ ಸಾಕೆಂದು ಅನೇಕ ಲೇಬಲ್‌ಗಳೇ ಹೇಳುತ್ತವೆ, ಅದನ್ನು ಮೀರಬೇಡಿ. ಸೀಗಡಿ, ಬಸವನಹುಳು ಇರುವ ಟ್ಯಾಂಕಿಗೆ ಬೇಡವೇ ಬೇಡ. ಸಿಲಿಕೋನ್ ಅಂಚು ಹಸಿರಾಗುತ್ತದೆ, ಕೈಗೆ ಗವಸು ಹಾಕಿ. ತಿನ್ನುವ ಮೀನಿನ ಕೊಳಕ್ಕೆ ಎಂದೂ ಹಾಕಬಾರದು. ಅಮೆರಿಕ, ಯುರೋಪ್ ಸೇರಿ ಅನೇಕ ಕಡೆ ಆಹಾರದ ಮೀನಿಗೆ ಇದನ್ನು ಬಳಸುವುದು ನಿಷಿದ್ಧ.

ಔಷಧಿ ಹಾಕುವ ಮುನ್ನ ಫಿಲ್ಟರಿನಿಂದ ಇದ್ದಿಲನ್ನು ತೆಗೆಯಿರಿ, ಇಲ್ಲದಿದ್ದರೆ ಹಾಕಿದ್ದನ್ನೆಲ್ಲ ಅದೇ ಹೀರುತ್ತದೆ. ಬೆಳಕಿಗೆ ಔಷಧಿಯ ಶಕ್ತಿ ಕುಂದುವುದರಿಂದ ದೀಪ ಆರಿಸಿ. ಮುಂದಿನ ಪ್ರಮಾಣ ಹಾಕುವ ಮೊದಲು ಕಾಲು ಭಾಗ ನೀರು ಬದಲಿಸಿ. ಚಿಕಿತ್ಸೆ ಮುಗಿದ ಮೇಲೆ ಇದ್ದಿಲನ್ನು ವಾಪಸ್ ಇಟ್ಟರೆ ಉಳಿದದ್ದು ಹೋಗುತ್ತದೆ.

ಉಳಿದವು

ಮಿಥಿಲಿನ್ ಬ್ಲೂ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಇಕ್ ವಿರುದ್ಧ ಅದು ದುರ್ಬಲ. ಮೊಟ್ಟೆಗೆ ಬೂಸು ಹಿಡಿಯದಂತೆ ಕಾಯಲು ಒಳ್ಳೆಯದು. ಮುಖ್ಯ ಟ್ಯಾಂಕಿಗೆ ಹಾಕಿದರೆ ಅಮೋನಿಯಾವನ್ನು ಕರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು, ರೋಗದ ಜೊತೆಗೆ ಅಮೋನಿಯಾವೂ ಸೇರಿಕೊಳ್ಳುತ್ತದೆ.

ತಾಮ್ರದ ಸಲ್ಫೇಟ್ ಕೆಲಸ ಮಾಡುತ್ತದೆ, ಆದರೆ ನೀರಿನ ಕ್ಷಾರೀಯತೆ ಅಳೆಯಲು ಕಿಟ್ ಇಲ್ಲದವರು ಮುಟ್ಟಬಾರದು. ಮೆದು ನೀರಿನಲ್ಲಿ ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಕೂದಲೆಳೆಯಷ್ಟು. ಸಮುದ್ರದ ನೀರಿನ ಟ್ಯಾಂಕಿನಲ್ಲಿ ತಾಮ್ರಕ್ಕೆ ಬೇರೆಯೇ ಸ್ಥಾನವಿದೆ. ಅಲ್ಲಿ ಬಿಳಿ ಚುಕ್ಕೆ ತರುವುದು ಕ್ರಿಪ್ಟೊಕಾರಿಯಾನ್ ಎಂಬ ಬೇರೆ ಜೀವಿ, ಇಲ್ಲಿ ಹೇಳಿದ ದಿನಗಳ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಆಂಟಿಬಯೋಟಿಕ್ ಇಕ್ ಮೇಲೆ ವ್ಯರ್ಥ. ಯುವಿ ದೀಪ ತನ್ನೊಳಗೆ ಹಾದುಹೋದ ಮರಿಗಳನ್ನಷ್ಟೇ ಕೊಲ್ಲುತ್ತದೆ, ಸಹಾಯಕ್ಕೆ ಇರಲಿ, ಚಿಕಿತ್ಸೆ ಎಂದು ತಿಳಿಯಬೇಡಿ. ಬೆಳ್ಳುಳ್ಳಿಯ ರಸವನ್ನು ನಂಬಿ ಇರುವ ಮೂರು ದಿನವನ್ನು ಕಳೆದುಕೊಳ್ಳಬೇಡಿ.

ನಾನು ಇಷ್ಟಪಡುವ, ಶ್ರಮ ಬೇಡುವ ಒಂದು ದಾರಿ ಸ್ಥಳಾಂತರ. ಎರಡು ಬರಿದಾದ ಪಾತ್ರೆಗಳು, ಜಲ್ಲಿ ಗಿಡ ಏನೂ ಇಲ್ಲದೆ. ಮೀನನ್ನು ದಿನಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಖಾಲಿಯಾದದ್ದನ್ನು ತೊಳೆದು ಪೂರ್ತಿ ಒಣಗಿಸುವುದು. ಬಿದ್ದ ಗೂಡು ಒಡೆಯುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ಒಂದು ವಾರದಿಂದ ಹತ್ತು ದಿನ ಹೀಗೆ ನಡೆಸಿದರೆ ಔಷಧಿಯೇ ಬೇಕಾಗುವುದಿಲ್ಲ. ಪದೇಪದೇ ಹಿಡಿಯುವುದರಿಂದ ಮೀನಿಗೆ ಆಯಾಸ, ಆದ್ದರಿಂದ ಇದು ಒಂದೆರಡು ಗಟ್ಟಿ ಮೀನಿಗೆ ಸರಿ, ಇಪ್ಪತ್ತು ಟೆಟ್ರಾಗಳಿಗಲ್ಲ.

ಯಾವ ಟ್ಯಾಂಕಿಗೆ ಯಾವುದು

ಡಿಸ್ಕಸ್, ಗೌರಾಮಿ, ಬೆಟ್ಟಾ ಇದ್ದರೆ ಯೋಚನೆಯೇ ಬೇಡ, ಬಿಸಿ. ಕ್ಲೌನ್ ಲೋಚ್‌ಗಳಿಗೆ ಇಕ್ ಎಲ್ಲರಿಗಿಂತ ಮೊದಲು ಹತ್ತುತ್ತದೆ, ಔಷಧಿಯನ್ನು ಅವು ಕಷ್ಟಪಟ್ಟು ತಾಳುತ್ತವೆ, ಆದರೆ 30 ಡಿಗ್ರಿ ಅವಕ್ಕೆ ಭಾರವಲ್ಲ. ಅಲ್ಲೂ ಬಿಸಿಯೇ.

ಗೋಲ್ಡ್ ಫಿಶ್‌ಗೆ ಉಪ್ಪು. ಲೀಟರಿಗೆ 3 ಗ್ರಾಂ ಅದು ನಿರಾಯಾಸವಾಗಿ ತಾಳುತ್ತದೆ, ಹೆಚ್ಚು ಬಿಸಿಯನ್ನು ತಾಳುವುದಿಲ್ಲ. ಹೀಟರ್ ಇಲ್ಲದ ತಣ್ಣನೆಯ ನೀರಾದ್ದರಿಂದ ಮೂರು ವಾರ ನಡೆಸಬೇಕಾದೀತು. ಗಪ್ಪಿ, ಮೊಲ್ಲಿಗಳಿಗೂ ಉಪ್ಪು ಸಲೀಸು, ಅದರ ಜೊತೆಗೆ 28 ಡಿಗ್ರಿ ಇಟ್ಟರೆ ಬೇಗ ಮುಗಿಯುತ್ತದೆ.

ಕೋರಿಡೋರಾಸ್ ವಿಷಯದಲ್ಲಿ ಜಾತಿ ನೋಡಿ. ಸ್ಟರ್ಬಾಯಿ 30 ಡಿಗ್ರಿಯಲ್ಲಿ ಆರಾಮಾಗಿರುತ್ತದೆ. ಪೆಪ್ಪರ್ಡ್ ಕೋರಿ ತಂಪು ನೀರಿನದು, ಅದನ್ನು ಬಿಸಿಗೆ ತಳ್ಳಬೇಡಿ, ಕಡಿಮೆ ಉಪ್ಪು ಮತ್ತು ದಿನವೂ ನೀರು ಬದಲಾವಣೆ ಮೇಲು.

ನಿಯಾನ್ ಟೆಟ್ರಾ ಕಷ್ಟದ ಪ್ರಕರಣ. ಎರಡು ವಾರದ 30 ಡಿಗ್ರಿ ಅದಕ್ಕೆ ಹೆಚ್ಚು, ಪೂರ್ತಿ ಔಷಧಿಯೂ ಹೆಚ್ಚು. ಇಲ್ಲಿ ನಾನು 27 ಡಿಗ್ರಿಗೆ ತಂದು, ಅರ್ಧ ಪ್ರಮಾಣದ ಮಾಲಾಕೈಟ್ ಗ್ರೀನ್ ಆಯ್ದುಕೊಳ್ಳುತ್ತೇನೆ, ಜೊತೆಗೆ ಪ್ರತಿದಿನ ಜಲ್ಲಿಯನ್ನು ಸೈಫನ್ ಮಾಡುತ್ತೇನೆ, ಅಂದರೆ ಪೈಪಿನಿಂದ ತಳದ ಕೊಳೆಯನ್ನು ನೀರಿನೊಂದಿಗೆ ಹೊರಗೆಳೆಯುತ್ತೇನೆ.

ಗಿಡ ತುಂಬಿದ, ಸೀಗಡಿ ಸಾಕಿದ ಟ್ಯಾಂಕ್ ಇದ್ದರೆ ಔಷಧಿಯನ್ನು ಅಲ್ಲಿಗೆ ತರಲೇಬೇಡಿ. ಎಲ್ಲ ಮೀನನ್ನೂ, ಒಂದನ್ನೂ ಬಿಡದೆ, ಬೇರೆ ಬರಿ ಟ್ಯಾಂಕಿಗೆ ಸಾಗಿಸಿ ಅಲ್ಲಿ ಚಿಕಿತ್ಸೆ ಮಾಡಿ. ಸೀಗಡಿಗೆ ಇಕ್ ಹತ್ತುವುದಿಲ್ಲ. ಮೀನಿಲ್ಲದ ಆ ಟ್ಯಾಂಕನ್ನು 25 ಡಿಗ್ರಿಗಿಂತ ಮೇಲೆ ಎರಡು ವಾರ ಬಿಟ್ಟರೆ ಗೂಡೆಲ್ಲ ಒಡೆದು, ಮರಿಗಳೆಲ್ಲ ಆಸರೆಯಿಲ್ಲದೆ ಸತ್ತಿರುತ್ತವೆ.

ಮೀನು ಆಗಲೇ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದರೆ ಬಿಸಿಯೂ ಬೇಡ, ಫಾರ್ಮಾಲಿನ್ನೂ ಬೇಡ, ಎರಡೂ ಉಸಿರನ್ನೇ ಕಸಿಯುತ್ತವೆ. ಏರ್ ಪಂಪ್ ಜೋರು ಮಾಡಿ, ಮೂರನೇ ಒಂದು ಭಾಗ ನೀರು ಬದಲಿಸಿ, ಉಪ್ಪಿನಿಂದ ಶುರುಮಾಡಿ.

ಯಾವ ದಾರಿ ಹಿಡಿದರೂ ಒಂದೆರಡು ದಿನಕ್ಕೊಮ್ಮೆ ಜಲ್ಲಿಯನ್ನು ಸೈಫನ್ ಮಾಡುವುದು ತಪ್ಪಬಾರದು. ಪ್ರತಿ ಬಾರಿ ಹೊರಹೋಗುವ ಗೂಡೊಂದರಲ್ಲಿ ನೂರಾರು ಮರಿಗಳಿರುತ್ತವೆ. ಬಲೆ, ಸೈಫನ್ ಪೈಪನ್ನು ಇನ್ನೊಂದು ಟ್ಯಾಂಕಿಗೆ ಅದ್ದುವ ಮುನ್ನ ಪೂರ್ತಿ ಒಣಗಿಸಿ. ಕೊನೆಯ ಚುಕ್ಕೆ ಮಾಯವಾದ ಮೇಲೆ ಬೆಚ್ಚನೆಯ ನೀರಿನಲ್ಲಿ ಇನ್ನೂ ಒಂದು ವಾರ, ತಣ್ಣೀರಿನಲ್ಲಿ ಎರಡು ವಾರ ಮುಂದುವರಿಸಿ. ಆಮೇಲೆ ಉಷ್ಣತೆಯನ್ನು ದಿನಕ್ಕೆ ಒಂದು ಡಿಗ್ರಿಯಂತೆ ಇಳಿಸಿ. ಉಪ್ಪನ್ನು ತೆಗೆಯಲು ಕಾಲು ಭಾಗ ನೀರನ್ನು ನಾಲ್ಕೈದು ಸಲ, ದಿನ ಬಿಟ್ಟು ದಿನ ಬದಲಿಸಿ. ಚೇತರಿಸಿಕೊಂಡ ಮೀನಿನಲ್ಲಿ ರೋಗ ತಡೆಯುವ ಶಕ್ತಿ ಸ್ವಲ್ಪ ಬೆಳೆದಿರುತ್ತದೆ. ಆದರೆ ಮುಂದೆ ತರುವ ಹೊಸ ಮೀನಿಗೆ ಅದು ಇರುವುದಿಲ್ಲ, ಅದನ್ನು ಮೂರ್ನಾಲ್ಕು ವಾರ ಬೇರೆ ಟ್ಯಾಂಕಿನಲ್ಲೇ ಇಟ್ಟು ನೋಡಿ, ನಂತರ ಒಳಗೆ ಬಿಡಿ.